ಬಾಗಿಲಲ್ಲಿ ಹೇಳಿದ ಹೆಸರು

ಏಕಸಂಬಿಯಲ್ಲಿ ಯಾರ ಮನೆಗೆ ಹೊಸ ಸೊಸೆ ಬಂದರೂ ಹೊಸ್ತಿಲು ದಾಟುವ ಮೊದಲು ಅವಳು ಗಂಡನ ಹೆಸರು ಹೇಳಬೇಕು. ಬರೀ ಹೆಸರು ಹೇಳಿದರೆ ನಡೆಯುವುದಿಲ್ಲ. ಮುಂದೆ ಜೀವಮಾನವಿಡೀ ಬಾಯಿಂದ ಬರಬಾರದ ಹೆಸರು ಅದು. ಹಾಗಾಗಿ ಅದನ್ನು ಎರಡು ಸಾಲಿನ ಪದ್ಯದೊಳಗೆ ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಗಂಡಿನ ಕಡೆಯ ಹೆಂಗಸರು ಬಾಗಿಲಿಗೆ ಕೈ ಅಡ್ಡ ಇಟ್ಟು ನಿಲ್ಲುತ್ತಾರೆ. ಒಡಪು ಸಪ್ಪೆಯಾದರೆ ಕೈ ತೆಗೆಯುವುದಿಲ್ಲ, ತೀರ ಚೆನ್ನಾಗಿದ್ದರೂ ತೆಗೆಯುವುದಿಲ್ಲ. "ಇನ್ನೊಂದ" ಎನ್ನುತ್ತಾರೆ.

ಒಡಪು ಕಟ್ಟುವುದರಲ್ಲಿ ಗಂಗೂಬಾಯಿಯನ್ನು ಮೀರಿಸುವವರು ಸುತ್ತ ನಾಲ್ಕೂರಲ್ಲಿ ಇರಲಿಲ್ಲ. ಓದು ಬರಹ ಇಲ್ಲ, ಹೆಬ್ಬೆಟ್ಟಿನವಳು. ಗಂಡ ಭೀಮಗೊಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಅವಳು ಮದುವೆ, ಸೀಮಂತ, ತೊಟ್ಟಿಲು ಯಾವುದಕ್ಕೂ ಮುಂದೆ ಬಂದವಳಲ್ಲ. ಬಾ ಎಂದು ಯಾರೂ ಕರೆಯುತ್ತಿರಲಿಲ್ಲ, ಬರಬೇಡ ಎಂದೂ ಯಾರೂ ಹೇಳುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಊರು ನಯವಂತ ಊರು. ಆದರೆ ಮದುವೆ ಗೊತ್ತಾದ ಹುಡುಗಿಯರು ಮಾತ್ರ ಹಿತ್ತಲ ಬಾಗಿಲಿನಿಂದ ಅವಳ ಅಡುಗೆಮನೆಗೆ ಬಂದೇ ಬರುತ್ತಿದ್ದರು.

ಅಂಥವಳೊಬ್ಬಳು ಬಂದು ಕೂತರೆ ಗಂಗೂಬಾಯಿ ರೊಟ್ಟಿ ಬಡಿಯುತ್ತಲೇ ವಿಚಾರಣೆ ಶುರು ಮಾಡುತ್ತಿದ್ದಳು.

"ಏನ ಮಾಡ್ತಾನವಾ ನಿನ್ನ ಗಂಡ ಆಗಾಂವ?"

"ರಾಯಬಾಗದಾಗ ಅಂಗಡಿ ಐತ್ರಿ ಆಯಿ."

"ಅಂಗಡಿ ಹತ್ತ ಮಂದಿಗಿ ಇರ್ತೈತಿ. ನಿನಗ ಏನ ಅಂದ, ಏನ ಮಾಡಿದ, ಅದನ್ನ ಹೇಳ."

ಹುಡುಗಿ ಸೆರಗಿನ ತುದಿ ತಿರುವುತ್ತ ಕೂತು, ಕೊನೆಗೆ, "ಬಟ್ಟಿ ತರಾಕ ನಿಪ್ಪಾಣಿಗಿ ಹೋಗಿದ್ದೆವ್ರಿ. ಬಸ್ಸಿನ್ಯಾಗ ಒಂದ ಸೀಟ ಖಾಲಿ ಇತ್ತು. ನನ್ನ ಕೂಡಿಸಿ ತಾವು ನಿಂತ್ರು" ಎಂದಳು.

"ಹೆಸರ?"

ಹುಡುಗಿ ನಾಚಿ ಪಕ್ಕದಲ್ಲಿದ್ದ ಗೆಳತಿಯ ಕಡೆ ನೋಡಿದಳು. ಬಾಪುಸಾಹೇಬ ಎಂದು ಗೆಳತಿ ಹೇಳಿದಳು. ರೊಟ್ಟಿ ಹಂಚಿನ ಮೇಲೆ ಬೀಳುವಷ್ಟರಲ್ಲಿ ಒಡಪು ತಯಾರಾಯಿತು.

"ನಿಪ್ಪಾಣಿ ಬಸ್ಸಿನ್ಯಾಗ ಕಿಡಕಿ ಸೀಟ ಹಿಡದರು,
ಬಾಪುಸಾಹೇಬರು ನನ್ನ ಕೂಡಿಸಿ ತಾವು ನಿಂತೇ ಬಂದರು."

ಗಂಗೂಬಾಯಿಯ ಹಿರಿಯ ಮಗ ಭೂಪಾಲ ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ತಾನೂ ಕವಿತೆ ಬರೆಯುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ಪುಸ್ತಕ ಮಾಡಿಸಿದ್ದ. ಅದರ ಮೂರು ಗಂಟು ಅಟ್ಟದ ಮೇಲಿದ್ದವು. ಹೆಂಡತಿ ಸುಗಂಧಾ ಶೇಂಗಾ ಚೀಲಕ್ಕೆ ತಳದ ತೇವ ತಾಗದಿರಲೆಂದು ಅವುಗಳನ್ನೇ ಅಡಿಗೆ ಇಟ್ಟಿದ್ದಳು. ಭೂಪಾಲನಿಗೆ ಅದರಿಂದ ದುಃಖವಾಗುತ್ತಿತ್ತು. ಆದರೆ ಮನೆಯಲ್ಲಿ ಬೇರೆ ಒಣ ಜಾಗ ಯಾವುದೂ ಇರಲಿಲ್ಲ.

೧೯೮೮ರ ಜನವರಿಯಲ್ಲಿ ತಮ್ಮ ಧನಪಾಲನ ಮದುವೆ ಗೊತ್ತಾಯಿತು. ಹುಡುಗಿ ಕಾಗವಾಡದವಳು, ತ್ರಿಶಲಾ, ಹತ್ತನೆಯ ಇಯತ್ತೆ ಪಾಸಾದವಳು. ಒಂದು ಸಂಜೆ ಹೊತ್ತು ಮುಳುಗುವ ಮೊದಲೇ ಎಲ್ಲರೂ ಊಟಕ್ಕೆ ಕೂತಾಗ ಭೂಪಾಲ ಮಾತು ತೆಗೆದ.

"ಅವ್ವಾ, ಲಗ್ನದಾಗ ಎಲ್ಲಾರೂ ಸ್ಟೀಲಿನ ವಾಟಿ ಹಂಚತಾರ. ನಾವು ನಿನ್ನ ಒಡಪಿನ ಪುಸ್ತಕ ಹಂಚೂನು."

ಗಂಗೂಬಾಯಿ ಅವನ ತಟ್ಟೆಗೆ ಜುಣಕ ಬಡಿಸುತ್ತಿದ್ದವಳು ನಿಂತಳು. "ಪುಸ್ತಕದಾಗ ಬಾಗಲಾ ಯಾರ ತಡೀತಾರೋ?"

"ಚ್ಯಾಷ್ಟಿ ಬ್ಯಾಡವ್ವಾ. ನಾಳೆ ನೀ ಹ್ವಾದಿ ಅಂದ್ರ ಇದೆಲ್ಲಾ ನಿನ್ನ ಸಂಗತೀನ ಹೋಗತೈತಿ. ಬರದ್ರ ಉಳೀತೈತಿ. ನೀ ಹೇಳ, ನಾ ಬರಕೋತೀನಿ."

"ಯಾರ ಹೆಸರಿಗಿ ಹೇಳ್ಲಿ?"

"ಯಾರದರ ಇಡ."

"ಯಾರದರ ಇಟ್ರ ಬರಾಂಗಿಲ್ಲಪಾ. ಹುಡಿಗಿ ಮುಂದ ಕುಂದರಬೇಕು. ಆಕಿ ಮಾರಿ ನೋಡಿದ್ರ ಬಾಯಿಗಿ ಬರತೈತಿ. ನಿನ್ನ ಮಾರಿ ನೋಡಿದ್ರ ಏನ ಬರತೈತಿ?"

ಧನಪಾಲ ನಗು ತಡೆಯಲಾಗದೆ ನೀರು ಕುಡಿದ. ಭೂಪಾಲ ಮಾತ್ರ ಬಿಡಲಿಲ್ಲ. ರವಿವಾರ ರವಿವಾರ ಓಣಿಯ ಮನೆಮನೆಗೆ ಹೋಗಿ, ಯಾವ ಕಾಲಕ್ಕೋ ಅವ್ವನ ಒಡಪು ಹೇಳಿ ಹೊಸ್ತಿಲು ದಾಟಿದ ಹೆಂಗಸರನ್ನು ಕೇಳಿ ಬರೆದುಕೊಂಡ. ಒಂದು ತಿಂಗಳಲ್ಲಿ ಮೂವತ್ತೊಂಬತ್ತು ಒಡಪು ಕೂಡಿದವು. ನಲವತ್ತನೆಯದು ಅವನಿಗೇ ಬಾಯಿಪಾಠ ಇತ್ತು. ಅವನು ಐದು ವರ್ಷದವನಿದ್ದಾಗ, ಆ ವರ್ಷದ ಮೊದಲ ಬೆಲ್ಲ ಇಳಿದ ದಿನ, ಗಾಣದ ಮುಂದೆ ಹೆಂಗಸರು ಹೆಸರು ಹೇಳೆಂದು ಗಂಟು ಬಿದ್ದಾಗ ಅವ್ವ ಅಪ್ಪನ ಎದುರೇ ಹೇಳಿದ್ದು. ಅವನು ಬದುಕಿನಲ್ಲಿ ಕೇಳಿದ ಮೊದಲ ಪದ್ಯ ಅದೇ. ಅದನ್ನು ಮೊದಲ ಪುಟಕ್ಕೆ ಇಟ್ಟ.

ತೊಡಕು ಬಂದದ್ದು ನಿಪ್ಪಾಣಿಯ ಪ್ರೆಸ್ಸಿನಲ್ಲಿ. ಯಾರು ಬೇಕಾದರೂ ತಮ್ಮ ಗಂಡನ ಹೆಸರು ಸೇರಿಸಿಕೊಳ್ಳಲಿ ಎಂದು ಭೂಪಾಲ ಹೆಸರಿನ ಜಾಗದಲ್ಲಿ ಚುಕ್ಕಿ ಇಟ್ಟಿದ್ದ. ಅಚ್ಚುಮೊಳೆ ಜೋಡಿಸುವ ಕಾಕಾಸಾಹೇಬ ಕನ್ನಡಕ ಏರಿಸಿ, "ಮಾಸ್ತರ, ನನ್ನ ಕಡೆ ಇಷ್ಟ ಚುಕ್ಕಿ ಮೊಳಿ ಇಲ್ರಿ. ಇದ್ರೂ ಇದು ತಹಶೀಲದಾರ ಕಚೇರಿ ಫಾರಮ್ ಕಂಡಂಗ ಕಾಣ್ತೈತಿ. ಒಂದ ಛಲೋ ಹೆಸರ ಹಾಕ್ರಲಾ" ಎಂದ.

ಭೂಪಾಲ ಒಂದು ಗಳಿಗೆ ಯೋಚಿಸಿದ. ಆಮೇಲೆ ಅವನ ಮುಖ ಅರಳಿತು. ನಲವತ್ತೂ ಕಡೆ ಅಪ್ಪನ ಹೆಸರು ಹಾಕಿಸಿದ. ಅವ್ವನ ಮಾತು, ಅಪ್ಪನ ಹೆಸರು, ಇದಕ್ಕಿಂತ ಒಳ್ಳೆಯ ಸ್ಮಾರಕ ಇನ್ನೇನಿದೆ? ಅವ್ವನಿಗೆ ಮೊದಲೇ ಹೇಳುವುದು ಬೇಡ, ಮದುವೆಯ ದಿನ ತಾನೇ ಓದಿ ತೋರಿಸಿದರಾಯಿತು ಎಂದುಕೊಂಡ. ಪ್ರೀತಿಯಿಂದ ಮಾಡಿದ ತಪ್ಪಿಗೆ ಮುನ್ಸೂಚನೆ ಸಿಗುವುದಿಲ್ಲ ಎನ್ನುವಂತಿಲ್ಲ. ಅವನಿಗೆ ಸಿಕ್ಕಿತ್ತು. ಪ್ರೂಫು ತಂದ ಸಂಜೆ ಸುಗಂಧಾಳಿಗೆ ಓದಲು ಕೊಟ್ಟ.

ಅವಳು ಗಟ್ಟಿಯಾಗಿ ಶುರು ಮಾಡಿದಳು. "ನಿಪ್ಪಾಣಿ ಬಸ್ಸಿನ್ಯಾಗ ಕಿಡಕಿ ಸೀಟ ಹಿಡದರು, ಹೂಂಹೂಂಹೂಂ ನನ್ನ ಕೂಡಿಸಿ..."

"ಹೂಂಹೂಂ ಏನದು?"

"ಮಾವನವರ ಹೆಸರ ನಾ ಹೆಂಗ ಓದ್ಲಿರಿ?"

"ಇದು ಅಚ್ಚಿನ ಅಕ್ಷರ. ಓದಿದ್ರ ಏನಾಗಾಂಗಿಲ್ಲ."

"ಆಗತೈತಿ. ಮತ್ತ ಮಾವನವರು ಬಸ್ಸ ಹತ್ತಿದ್ರ ವಾಂತಿ ಮಾಡ್ಕೋತಿದ್ರು. ಸಾಯೋತನಕ ನಿಪ್ಪಾಣಿಗಿ ಚಕ್ಕಡಿ ಕಟ್ಟೇ ಹೋದವರು. ಅವರನ್ಯಾಕ ಬಸ್ಸಿನ್ಯಾಗ ನಿಂದರಸೀರಿ?"

"ಅದು ಕವಿತಾ ಅದ. ಅದರಾಗ ಹೆಸರಿಗಿ ಅಷ್ಟ ಕಿಮ್ಮತ್ತ ಇರಾಂಗಿಲ್ಲ."

"ಇರಲಿ ಬಿಡ್ರಿ. ನೀವು ಮಾಸ್ತರ, ನಿಮಗ ತಿಳೀತೈತಿ" ಎಂದು ಸುಗಂಧಾ ಕಾಗದ ಮಡಚಿ ಕೊಟ್ಟು ಎಮ್ಮೆ ಹಿಂಡಲು ಹೋದಳು. ಅವಳಿಗೆ ಸಿಟ್ಟು ಬಂದಾಗ ಒಪ್ಪಿಕೊಳ್ಳುವುದು ಅಭ್ಯಾಸ.

ಪುಸ್ತಕ ಬಂತು. ಹಳದಿ ರಟ್ಟು, ಇಪ್ಪತ್ತನಾಲ್ಕು ಪುಟ. ಊರ ಹುಡುಗಿಯರು ಮದುವೆಗೆ ಮೊದಲೇ ಇಸಿದುಕೊಂಡು ಹೋದರು. ಆ ತಿಂಗಳು ಹಿತ್ತಲ ಬಾಗಿಲಿಗೆ ಒಬ್ಬಳೂ ಬರಲಿಲ್ಲ. ಪರೀಕ್ಷೆ ಇರಬೇಕು ಎಂದುಕೊಂಡಳು ಗಂಗೂಬಾಯಿ. ಒಂದು ಪುಸ್ತಕ ಸೀರೆಯ ಗಂಟಿನೊಂದಿಗೆ ಕಾಗವಾಡಕ್ಕೂ ಹೋಯಿತು, ಹೊಸ ಸೊಸೆ ತನ್ನ ಬಾಗಿಲಿಗೆ ಬೇಕಾದದ್ದನ್ನು ಕಲಿತು ಬರಲಿ ಎಂದು.

ತ್ರಿಶಲಾ ಪರೀಕ್ಷೆಗೆ ಓದಿದ ಹಾಗೆಯೇ ಓದಿದಳು. ಮೊದಲ ಪುಟದ್ದನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಂತೆ ಮಾಡಿಕೊಂಡಳು. ಮದುವೆಯ ದಿನ ಬೆಳಗಿನಿಂದ ಉಪವಾಸ, ಟ್ರ್ಯಾಕ್ಟರಿನ ಧೂಳು, ಬಾಜಾದ ಗದ್ದಲ. ಬಾಗಿಲಲ್ಲಿ ಕೈ ಅಡ್ಡ ಇಟ್ಟು ನಿಂತವಳು ಧನಪಾಲನ ಸೋದರತ್ತೆ, ಅಂದರೆ ಭೀಮಗೊಂಡನ ಸ್ವಂತ ತಂಗಿ ಲಕ್ಷ್ಮಿಬಾಯಿ.

"ಹೆಸರ ಹೇಳವಾ, ಒಳಗ ಬಿಡ್ತೀನಿ."

ತ್ರಿಶಲಾ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದಳು.

"ದೂಧಗಂಗಾ ನೀರ ಕುಡದು ಕಬ್ಬಿಗಿ ಬಂತ ಸಿಹಿ,
ಭೀಮಗೊಂಡರ ಹೆಸರ ಹೇಳಿ ಹಾಕೀನಿ ನನ್ನ ಸಹಿ."

ಬಾಜಾದವರು ಬಾರಿಸುತ್ತಲೇ ಇದ್ದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಧನಪಾಲನ ಕಿವಿ ಕೆಂಪಾದವು. ಲಕ್ಷ್ಮಿಬಾಯಿಯ ಕೈ ತಾನಾಗಿಯೇ ಕೆಳಗೆ ಬಿತ್ತು.

"ಸತ್ತ ನನ್ನ ಅಣ್ಣನ ಹೆಸರ! ಹೊಸಿಲದಾಗ ನಿಂತು ಮಾವನ ಹೆಸರ ಗಂಡನ ಹೆಸರಂತ ಹೇಳಿದೇನ?"

ತ್ರಿಶಲಾಗೆ ತಾನು ಏನು ಹೇಳಿದೆ ಎಂಬುದು ಆಗ ತಿಳಿಯಿತು. ಅವಳು ಅಕ್ಕಿ ತುಂಬಿದ ಸೇರನ್ನು ಒದ್ದಳೋ ಎಡವಿದಳೋ ಯಾರಿಗೂ ಗೊತ್ತಾಗಲಿಲ್ಲ. ಸುಗಂಧಾ ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಅಡುಗೆಮನೆಯ ಕದದ ಹಿಂದೆ ಗಂಗೂಬಾಯಿ ಹಿಟ್ಟಿನ ಪರಾತದಲ್ಲಿ ಕೈ ಇಟ್ಟುಕೊಂಡು ಎಷ್ಟೋ ಹೊತ್ತು ಹಾಗೆಯೇ ಕೂತಿದ್ದಳು.

ಭೂಪಾಲ ಪುಸ್ತಕ ಓದಿ ತೋರಿಸುವ ಮಾತು ಎತ್ತಲಿಲ್ಲ.

ಮರುದಿನದಿಂದ ಮನೆಯಲ್ಲಿ ಜಗಳಕ್ಕೆ ಬರ ಇರಲಿಲ್ಲ. ಚಹಾಕ್ಕೆ ಕೂತರೆ ಧನಪಾಲ ಶುರು ಮಾಡುತ್ತಿದ್ದ.

"ಅಣ್ಣಾ, ಗಿರಣಿ ಕಡೆ ಹೋಗಾಕ ನಾಚಿಕಿ ಆಗತೈತಿ. 'ಏನ ಭೀಮಗೊಂಡರ' ಅಂತಾರ ನನ್ನ."

"ನನಗೇನ ಗೊತ್ತೋ ಆಕಿ ಹಂಗ ಬಾಯಿಪಾಠ ಮಾಡ್ತಾಳಂತ? ಹೆಸರ ಬದಲ ಮಾಡ್ಕೋಬೇಕು ಅನ್ನೋದು ಯಾರಿಗಾದ್ರೂ ತಿಳೀತೈತಿ."

"ಪುಸ್ತಕದಾಗ ಇದ್ದಂಗ ಒಂದ ಅಕ್ಷರ ತಪ್ಪಬಾರದು ಅಂತ ಸಾಲ್ಯಾಗ ಹುಡುಗರನ್ನ ಹೊಡೀತೀರಿ. ಈಕಿ ತಪ್ಪಲಿಲ್ಲ. ಈಗ ಈಕೀದ ತಪ್ಪ!" ಎಂದಳು ಸುಗಂಧಾ, ಒಲೆಯ ಮುಂದಿನಿಂದ.

"ವೈನಿ ಹೇಳಿದ್ದ ಖರೇ ಐತಿ" ಎಂದ ಧನಪಾಲ. ಭೂಪಾಲ ಚಹಾ ಅರ್ಧಕ್ಕೇ ಬಿಟ್ಟು ಬಸ್ಸಿಗೆ ಹೋದ.

ಲಕ್ಷ್ಮಿಬಾಯಿ ಎರಡು ದಿನಕ್ಕೊಮ್ಮೆ ಬಂದು, ಎಮ್ಮೆ ಹಾಲು ಕಡಿಮೆ ಕೊಟ್ಟರೂ ಟ್ರ್ಯಾಕ್ಟರಿನ ಚಕ್ರ ಪಂಕ್ಚರಾದರೂ ಆ ಹೊಸ್ತಿಲಿನ ಮಾತಿಗೇ ಗಂಟು ಹಾಕುತ್ತಿದ್ದಳು. ನೀರಿಗೆ ಹೋದರೆ ಹೆಂಗಸರು ತ್ರಿಶಲಾಳನ್ನು "ಯಾರ ಮನ್ಯಾಕಿ ನೀ? ಗಂಗೂಬಾಯಿ ಸವತೇನ?" ಎಂದು ಕಾಡುತ್ತಿದ್ದರು. ಅವರಿಗೆ ಚೇಷ್ಟೆ, ಇವಳಿಗೆ ಪ್ರಾಣಸಂಕಟ. ಮಾತನ್ನೇ ಬಿಟ್ಟಳು. ಕೇಳಿದ್ದಕ್ಕೆ ತಲೆ ಆಡಿಸುವುದು, ಪಾತ್ರೆ ತಿಕ್ಕುವುದು, ಉಣ್ಣಲು ಎಲ್ಲರಿಗಿಂತ ಕೊನೆಗೆ ಕೂರುವುದು. ಅತ್ತೆಯ ಎದುರು ಬಂದರಂತೂ ನೆಲ ನೋಡುತ್ತಿದ್ದಳು. ಗಂಗೂಬಾಯಿ ಎರಡು ರೊಟ್ಟಿಯ ಜೊತೆ ಮೂರನೆಯದನ್ನು ಬೆಣ್ಣೆ ಸವರಿ ಅವಳ ತಟ್ಟೆಗೆ ಹಾಕುವಳು, ಏನೋ ಹೇಳಲು ಬಾಯಿ ತೆರೆಯುವಳು, ಮತ್ತೆ ಮುಚ್ಚುವಳು. ಅತ್ತೆಗೆ ತನ್ನ ಮೇಲೆ ಸಿಟ್ಟಿದೆ ಎಂದು ಹುಡುಗಿ ತಿಳಿದಳು. ನೋಡುತ್ತಿದ್ದವರಿಗೂ ಹಾಗೆಯೇ ಕಾಣುತ್ತಿತ್ತು.

ನಾಲ್ಕನೆಯ ವಾರ ಓಣಿಯ ಹುಡುಗಿಯೊಬ್ಬಳು ಹಿತ್ತಲ ಬಾಗಿಲಿಗೆ ಬಂದು ಒಡಪು ಕೇಳಿದಳು. "ಪುಸ್ತಕ ಐತಲವಾ" ಎಂದು ಗಂಗೂಬಾಯಿ ಅವಳನ್ನು ಹಾಗೆಯೇ ಕಳಿಸಿದಳು.

ಮುಂದಿನ ವಾರ ತ್ರಿಶಲಾಳನ್ನು ತವರಿಗೆ ಕರೆದೊಯ್ಯಲು ಅವಳ ಅಣ್ಣ ಬರುವುದಿತ್ತು. ಐದು ವಾರಕ್ಕೆ ತವರಿಗೆ ಹೋಗಿ ಬರುವುದು ರೂಢಿ. ಅದಕ್ಕೂ ಮೊದಲು ಒಂದು ಮಧ್ಯಾಹ್ನ ಇಬ್ಬರು ಸೊಸೆಯರೂ ಶೇಂಗಾ ಸುಲಿಯುತ್ತ ಕೂತಿದ್ದಾಗ ತ್ರಿಶಲಾ ಬಹಳ ದಿನದ ಮೇಲೆ ಬಾಯಿ ಬಿಟ್ಟಳು.

"ಅಕ್ಕಾ, ನಾ ತಿರಗಿ ಬರಾಂಗಿಲ್ರಿ."

"ಹುಚ್ಚೀ, ಏನ ಮಾತಾಡ್ತಿ?"

"ಅವರು ಏನೂ ಅನ್ನಾಂಗಿಲ್ಲ. ಅವರ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಹೊಸಿಲಾ ದಾಟುವಾಗ ನಾ ಅವರ ಹೆಸರ ಹೇಳಲೇ ಇಲ್ಲ. ನಾ ಈ ಮನಿ ಒಳಗ ಬಂದೇ ಇಲ್ಲ ಅನಸ್ತೈತಿ. ಅತ್ತೀ ಮಾರಿ ನೋಡಾಕ ಆಗಾಂಗಿಲ್ಲ ನನಗ."

ಸುಗಂಧಾ ಇದನ್ನು ಗಂಡನಿಗೆ ಹೇಳಿದಳು. ಭೂಪಾಲ ಅಟ್ಟ ಹತ್ತಿ ಉಳಿದ ಒಡಪಿನ ಪುಸ್ತಕಗಳನ್ನೆಲ್ಲ ಇಳಿಸಿದ. ಪಡಸಾಲೆಯಲ್ಲಿ ಕೂತು, ಕೆಂಪು ಮಸಿಯ ಪೆನ್ನು ಹಿಡಿದು, ಒಂದೊಂದೇ ಪುಟ ತೆರೆದು ಹೆಸರಿನ ಮೇಲೆ ಗೀಟು ಎಳೆಯತೊಡಗಿದ. ಗಂಗೂಬಾಯಿ ಬಂದು ಎದುರು ಕೂತಳು.

"ಏನ ಮಾಡಾಕತ್ತಿ?"

"ಅಪ್ಪನ ಹೆಸರ ಹೊಡದ ಹಾಕಾಕತ್ತೀನವ್ವಾ. ಆ ಹುಡಿಗಿ ಮನಿ ಬಿಟ್ಟ ಹೋಗ್ತೀನಿ ಅನ್ನಾಕತ್ತಾಳ. ನಾ ಏನೋ ಛಲೋ ಮಾಡಾಕ ಹ್ವಾದೆ."

"ಎಷ್ಟ ಕಡೆ ಬರದಿ?"

"ನಲವತ್ತ."

"ನಲವತ್ತ ಸಲ ನಾ ಜೀವಮಾನದಾಗ ಹೇಳಿಲ್ಲೋ" ಎಂದಳು ಗಂಗೂಬಾಯಿ. ಆಮೇಲೆ ಅವನ ಕೈ ಹಿಡಿದಳು. "ಗೀಟ ಎಳೀಬ್ಯಾಡ ಅವರ ಮ್ಯಾಲ. ತ್ರಿಶಲಾ ಹೇಳಿದ್ದು ಯಾವ ಹಾಳ್ಯಾಗ ಐತಿ, ತೋರಸ."

ಅವನು ಮೊದಲ ಪುಟ ತೆರೆದು ಹೆಸರಿನ ಮೇಲೆ ಬೆರಳಿಟ್ಟ. ಅವಳು ಅಲ್ಲಿ ತನ್ನ ಬೆರಳಿಟ್ಟು, "ಇಷ್ಟ ಸಣ್ಣದೈತಿ?" ಎಂದಳು.

"ಅವ್ವಾ, ನೀನರ ಆಕೀಗಿ ಸಿಟ್ಟಿಲ್ಲ ಅಂತ ಒಂದ ಮಾತ ಹೇಳಬಾರದ?"

"ಸಿಟ್ಟ ಯಾಕೋ? ಆಕಿ ಹಂಗ ಅಂದಾಗ ನನ್ನ ಕೈ ಹಿಟ್ಟಿನ್ಯಾಗ ನಿಂತಬಿಟ್ತು. ಹನ್ನೊಂದ ವರ್ಷಾತು, ಆ ಹೆಸರ ಈ ಮನ್ಯಾಗ ಯಾರೂ ದನಿ ತಗದ ಹೇಳಿದ್ದಿಲ್ಲ. ನೀವು ಅಪ್ಪಾ ಅಂತೀರಿ, ಲಕ್ಷ್ಮಿ ಅಣ್ಣಾ ಅಂತಾಳ. ಆ ಹುಡಿಗಿ ಹೇಳಿದ್ದು ನನ್ನ ಒಡಪಾ, ನನ್ನ ಗಂಡನ ಹೆಸರಾ. ನನಗ ಗಾಣದ ಹೊಗಿ ವಾಸನಿ ಸೈತ ಬಂತು."

"ಮತ್ತ ಇದನ್ನ ಆಕೀಗಿ ಹೇಳವ್ವಾ."

"ಹೆಂಗ ಹೇಳ್ಲಿ? ಇದನ್ನ ಹೇಳಾಕ ಆ ಹೆಸರ ಬಾಯಾಗ ಬರಬೇಕು. ಬಾಗಿಲ ತಡದ್ರಷ್ಟ ಅದು ಬರತೈತಿ. ನನ್ನನ್ಯಾರ ತಡೀತಾರ ಈಗ?"

ಭೂಪಾಲ ಪೆನ್ನಿನ ಟೊಪ್ಪಿಗೆ ಹಾಕಿದ. ಪುಸ್ತಕಗಳನ್ನು ಮತ್ತೆ ಅಟ್ಟಕ್ಕೆ ಏರಿಸಿದ. ಸುಗಂಧಾ ಕದದ ಸಂದಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಂದು ರಾತ್ರಿಯೇ ಆ ಮಾತು ತ್ರಿಶಲಾಳ ಕಿವಿ ಮುಟ್ಟಿತು.

ಕರೆಯಲು ಬಂದ ಅಣ್ಣ ಮೋಟರಸ್ಟ್ಯಾಂಡಿನಿಂದ ನಡೆದು ಬಂದು ಉಂಡು, ಕೈಗಡಿಯಾರ ನೋಡಿಕೊಳ್ಳುತ್ತ ಕೂತಿದ್ದ. ಓಣಿಯ ಹೆಂಗಸರು ಉಡಿ ತುಂಬಲು ಸೇರಿದ್ದರು. ತ್ರಿಶಲಾ ಟ್ರಂಕು ಪಡಸಾಲೆಗೆ ತಂದಿಟ್ಟಳು. ತವರಿಗೆ ಹೋಗಿ ಬರುವವಳು ಅಷ್ಟು ದೊಡ್ಡ ಟ್ರಂಕು ಒಯ್ಯುವುದಿಲ್ಲ. ಅದನ್ನು ಎಲ್ಲರೂ ನೋಡಿದರು. ಧನಪಾಲ ಪಾನಾ ಹಿಡಿದು ಟ್ರ್ಯಾಕ್ಟರಿನ ಬೋಲ್ಟು ಬಿಗಿಯುವ ನೆವದಲ್ಲಿ ಅಂಗಳದಲ್ಲೇ ಉಳಿದ.

ಗಂಗೂಬಾಯಿ ಅಡುಗೆಮನೆಯಿಂದ ಹೊರಗೆ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಅರಿಷಿಣ ಕುಂಕುಮದ ತಟ್ಟೆಯ ಪಕ್ಕದಿಂದ ಹಾದು ಹೋಗುವಾಗ ಲಕ್ಷ್ಮಿಬಾಯಿ, "ವೈನಿ, ಉಡಿ ತುಂಬೂ ಹೊತ್ತಿನ್ಯಾಗ ನೀ ಯಾಕ ಮುಂದ ಬಂದಿ?" ಎಂದಳು. ಮಾತಿನಲ್ಲಿ ಕೆಟ್ಟತನ ಇರಲಿಲ್ಲ, ಗಾಬರಿ ಇತ್ತು. ಗಂಗೂಬಾಯಿ ನಿಲ್ಲಲಿಲ್ಲ. ಮುಂಬಾಗಿಲು ದಾಟಿ ಅಂಗಳಕ್ಕಿಳಿದಳು. ಅಲ್ಲಿ ತಿರುಗಿ, ಐದು ವಾರದ ಹಿಂದೆ ಸೊಸೆ ನಿಂತಿದ್ದ ಜಾಗದಲ್ಲಿಯೇ ನಿಂತಳು.

"ನಾ ಒಳಗ ಬರಬೇಕು" ಎಂದಳು. "ತಡೀರಿ ನನ್ನ."

ಯಾರೂ ಅಲುಗಲಿಲ್ಲ. ವಿಧವೆಯ ಬಾಗಿಲು ತಡೆದವರು ಆ ಊರಲ್ಲಿ ಇರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇನ್ನೊಂದು ಗಳಿಗೆ ಹಾಗೆಯೇ ಬಿಟ್ಟಿದ್ದರೆ ಗಂಗೂಬಾಯಿ ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳೇನೋ.

ತ್ರಿಶಲಾ ಟ್ರಂಕಿನ ಹತ್ತಿರದಿಂದ ಎದ್ದಳು. ಹೆಂಗಸರ ನಡುವಿನಿಂದ ದಾರಿ ಮಾಡಿಕೊಂಡು ಹೊಸ್ತಿಲಿಗೆ ಬಂದು, ಒಳಗಡೆ ನಿಂತು, ಬಾಗಿಲ ಚೌಕಟ್ಟಿನ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಕೈ ಅಡ್ಡ ಇಟ್ಟಳು.

"ಹೆಸರ ಹೇಳ್ರಿ ಅತ್ತಿ, ಒಳಗ ಬಿಡ್ತೀನಿ."

ಅವಳ ದನಿ ಇಷ್ಟು ದೊಡ್ಡದು ಎಂದು ಮನೆಯವರಿಗೆ ಗೊತ್ತಿರಲಿಲ್ಲ. ಧನಪಾಲ ಪಾನಾ ಹಿಡಿದುಕೊಂಡೇ ಎದ್ದು ನಿಂತ. ಗಂಗೂಬಾಯಿ ಸೊಸೆಯ ಮುಖ ನೋಡಿದಳು. ನೋಡುತ್ತಿದ್ದಂತೆ ಒಡಪು ಬಾಯಿಗೆ ಬಂತು.

"ಹನ್ನೊಂದ ವರ್ಷ ಕದದ ಹಿಂದ ರೊಟ್ಟಿ ಬಡಕೋತ ಕುಂತೆ,
ಕಳದಿದ್ದ ಹೆಸರ ಸೊಸಿ ಬಾಯಾಗ ಕೇಳಿ ಹೊರಗ ಬಂದೆ;
ತ್ರಿಶಲಾಗ ಧನಪಾಲ ಇರಲಿ, ನೂರು ವರ್ಷ ಇರಲಿ,
ಭೀಮಗೊಂಡರ ಹೆಸರ ನಂದು, ನನ್ನ ಬಾಯಾಗ ಇರಲಿ."

ಲಕ್ಷ್ಮಿಬಾಯಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಣ್ಣ ಸತ್ತ ದಿನವೂ ಅವಳು ಅಷ್ಟು ಅತ್ತಿರಲಿಲ್ಲ. ಭೂಪಾಲನ ಕೈ ಅಭ್ಯಾಸದಿಂದ ಜೇಬಿನ ಪೆನ್ನಿಗೆ ಹೋಗಿ, ಅಲ್ಲಿಂದ ಬರಿಗೈಯಾಗಿ ಇಳಿಯಿತು. ತ್ರಿಶಲಾಳ ಅಣ್ಣ ಪಾಪ, ಏನೂ ತಿಳಿಯದೆ, "ಬಸ್ಸಿನ ಟೈಮ ಆತ್ರಿ" ಎಂದ.

ಗಂಗೂಬಾಯಿ ಒಳಗೆ ಬರಲು ಒಂದು ಹೆಜ್ಜೆ ಎತ್ತಿದಳು. ತ್ರಿಶಲಾಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೆ ಅವಳು ಬಾಗಿಲಿಗೆ ಅಡ್ಡ ಇಟ್ಟ ಕೈ ತೆಗೆಯಲಿಲ್ಲ.

"ಇನ್ನೊಂದ" ಎಂದಳು.